ಬಚ್ಚಲಿನ ಬೆಂಕಿಗೆ ಬಂದ ಬೀಗ

ಗ್ಯಾಸ್ ಗೀಸರ್‌ನೊಳಗೆ ಅನಿಲವನ್ನು ತಾನಾಗಿ ತಡೆಯುವ ಏರ್ಪಾಡುಗಳು ಒಂದೆರಡಲ್ಲ. ನಲ್ಲಿ ನಿಲ್ಲಿಸಿದರೆ ಒಂದು, ಜ್ವಾಲೆ ಆರಿದರೆ ಇನ್ನೊಂದು. ಹಲವು ಮಾದರಿಗಳಲ್ಲಿ ಇಪ್ಪತ್ತು ನಿಮಿಷ ಕಳೆದರೆ ಮತ್ತೊಂದು. ದಕ್ಷಿಣ ಬೆಂಗಳೂರಿನ ಮನೆಗಳಲ್ಲಿ ಕೋಣೆ ಬೆಚ್ಚಗಾಗಿಸಲು ಅನಿಲ ಉರಿಸುವ ಪದ್ಧತಿಯೇ ಇಲ್ಲದ್ದರಿಂದ, ಇಲ್ಲಿ ಈ ಬೀಗಗಳ ಚರಿತ್ರೆ ಹೆಚ್ಚಾಗಿ ಬಚ್ಚಲಿನ ಸುತ್ತಲೇ ಇದೆ.

ಕೋಲ್ಕತ್ತದ ಬೀದಿಗಳಲ್ಲಿ 1857ರಲ್ಲೇ ಕಲ್ಲಿದ್ದಲ ಅನಿಲದ ದೀಪಗಳು ಉರಿದವು. ಬೆಂಗಳೂರು ಆ ದಾರಿ ಹಿಡಿಯಲಿಲ್ಲ. ಸೀಮೆಎಣ್ಣೆ ದೀಪದಿಂದ 1905ರಲ್ಲಿ ನೇರವಾಗಿ ಶಿವನಸಮುದ್ರದ ವಿದ್ಯುತ್ತಿಗೆ ಬಂತು. 1948ರಲ್ಲಿ ರಾಜಾಜಿ ಶಂಕುಸ್ಥಾಪನೆ ಮಾಡಿದ ಜಯನಗರದಲ್ಲೂ ಸ್ನಾನದ ನೀರು ಕಾಯುತ್ತಿದ್ದುದು ಹಂಡೆಯಲ್ಲಿ ಇಲ್ಲವೇ ತಾಮ್ರದ ಬಾಯ್ಲರಿನಲ್ಲಿ. ಉರಿಗೆ ಸೌದೆ, ತೆಂಗಿನ ಗರಿ, ಕರಟ. ಆರಿಸಬೇಕೆಂದರೆ ಕೊಳ್ಳಿ ಹೊರಗೆಳೆದು ಒಂದು ಚೊಂಬು ನೀರು ಚಿಮುಕಿಸಿದರೆ ಮುಗಿಯಿತು. ಹೊಗೆ ಹೋಗಲು ಗೋಡೆಯ ಮೇಲ್ಭಾಗದಲ್ಲಿ ಕಿಂಡಿ, ಕೆಲವೆಡೆ ಚಿಮಣಿ. ಕಣ್ಣು ಉರಿಸುವ ಹೊಗೆಯ ಭಯಕ್ಕೆ ಆ ಕಿಂಡಿಯನ್ನು ಯಾರೂ ಮುಚ್ಚುತ್ತಿರಲಿಲ್ಲ.

ಅಡುಗೆ ಅನಿಲ ಬಂದದ್ದು ಆಮೇಲೆ. 1955ರಲ್ಲಿ ಬರ್ಮಾ ಶೆಲ್ ಮುಂಬೈಯಲ್ಲಿ, 1965ರಲ್ಲಿ ಇಂಡೇನ್ ಕೋಲ್ಕತ್ತದಲ್ಲಿ ಮಾರಾಟ ಆರಂಭಿಸಿದವು. 14.2 ಕಿಲೋ ಸಿಲಿಂಡರಿನ ಬಾಯಲ್ಲಿರುವ ವಾಲ್ವ್ ಗಮನಿಸತಕ್ಕದ್ದು. ಅದರ ನಡುವಿನ ಸಣ್ಣ ಪಿನ್ನನ್ನು ರೆಗ್ಯುಲೇಟರ್ ಕೆಳಗೊತ್ತಿದರಷ್ಟೇ ಅನಿಲ ಹೊರಡುತ್ತದೆ. ರೆಗ್ಯುಲೇಟರ್ ತೆಗೆದರೆ ಸ್ಪ್ರಿಂಗ್ ಅದನ್ನು ಮೇಲಕ್ಕೆ ದೂಡಿ ಬಾಯಿ ಮುಚ್ಚುತ್ತದೆ. ಅದು ಸರಿಯಾಗಿ ಮುಚ್ಚದಿದ್ದರೆ, ವಾಲ್ವಿಗೆ ನಾಲ್ಕು ಹನಿ ನೀರು ಬಿಟ್ಟಾಗ ಗುಳ್ಳೆ ಏಳುತ್ತದೆ. ಸಾಮಾನ್ಯ ಮನೆಯವರ ಕೈಗೆ ಸಿಕ್ಕಿದ ಅನಿಲ ಬೀಗ ಇದು.

ಗೀಸರಿನ ವಂಶಾವಳಿ ಲಂಡನ್ನಿನದು. 1868ರಲ್ಲಿ ಬೆಂಜಮಿನ್ ವಾಡಿ ಮಾನ್ ಎಂಬ ಬಣ್ಣಗಾರ ಹರಿಯುವ ನೀರನ್ನು ಅನಿಲದ ಉರಿಯಿಂದ ಥಟ್ಟನೆ ಕಾಯಿಸುವ ಯಂತ್ರ ಮಾಡಿದ. ಅದಕ್ಕೆ ಹೊಗೆಕೊಳವೆಯೂ ಇರಲಿಲ್ಲ, ತಡೆಯುವ ವಾಲ್ವೂ ಇರಲಿಲ್ಲ. ಜ್ವಾಲೆಯನ್ನು ಕಾಯುವ ಉಪಾಯಕ್ಕೆ ಮೂಲ 1821ರಲ್ಲಿ ಸೀಬೆಕ್ ಗುರುತಿಸಿದ ವಿದ್ಯಮಾನ: ಎರಡು ಬೇರೆ ಲೋಹಗಳ ಬೆಸುಗೆ ಕಾದರೆ ಅಲ್ಪ ವಿದ್ಯುತ್ ಹುಟ್ಟುತ್ತದೆ. ಆ ಕೆಲವೇ ಮಿಲಿವೋಲ್ಟ್ ಒಂದು ವಿದ್ಯುತ್ಕಾಂತವನ್ನು ಹಿಡಿದಿಡುತ್ತದೆ, ಕಾಂತ ವಾಲ್ವನ್ನು ತೆರೆದಿಡುತ್ತದೆ. ಜ್ವಾಲೆ ಆರಿದರೆ ಬೆಸುಗೆ ತಣಿದು ವಾಲ್ವ್ ಬೀಳುತ್ತದೆ. ಈಗಿನ ಬ್ಯಾಟರಿ ಗೀಸರುಗಳಲ್ಲಿ ನೀರಿನ ಒತ್ತಡ ಸ್ವಿಚ್ ಒತ್ತುತ್ತದೆ, ಕಿಡಿ ಹಾರುತ್ತದೆ, ಸೊಲೆನಾಯ್ಡ್ ತೆರೆಯುತ್ತದೆ. ಜ್ವಾಲೆ ಕಾಣದಿದ್ದರೆ ಮತ್ತೆ ಮುಚ್ಚುತ್ತದೆ.

ಇಷ್ಟೆಲ್ಲ ಕಾವಲಿದ್ದೂ ಸ್ನಾನಕ್ಕೆ ಹೋದವರು ಪ್ರಜ್ಞೆ ತಪ್ಪಿ ಬೀಳುತ್ತಿದ್ದರು. ಈ ಕಥೆಯ ವಿಚಿತ್ರ ಘಟ್ಟ ಇರುವುದು ಇಲ್ಲಿ. ಬಚ್ಚಲಿನಲ್ಲಿ ಬಿದ್ದವರಿಗೆ ಕರ್ನಾಟಕದ ವೈದ್ಯರ ಬಳಿ ಆಗಲೇ ಒಂದು ಉತ್ತರವಿತ್ತು: ಬಿಸಿನೀರಿನ ಅಪಸ್ಮಾರ. ತಲೆಗೆ ಚೊಂಬಿನ ಮೇಲೆ ಚೊಂಬು ಸುಡುನೀರು ಹುಯ್ದುಕೊಳ್ಳುವಾಗ ಬರುವ ಈ ಫಿಟ್ಸ್ ಬೇರೆಡೆ ಅಪರೂಪ, ಹಳೆ ಮೈಸೂರು ಸೀಮೆಯಲ್ಲಿ ಪರಿಚಿತ. ಬೆಂಗಳೂರಿನ ಡಾ. ಕೆ.ಎಸ್. ಮಣಿ ಅದನ್ನು ಮೊದಲೇ ವರದಿ ಮಾಡಿದ್ದರು. ಜಯನಗರದ ಮಗ್ಗುಲಲ್ಲೇ ಇರುವ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳ ವಿವರ ಪ್ರಕಟಿಸಿದರು. ಅಂಥ ಊರಿನಲ್ಲಿ ಸ್ನಾನದ ಮನೆಯ ಮೂರ್ಛೆ ಎಂದೊಡನೆ ಅನುಮಾನ ತಲೆಸ್ನಾನದ ಮೇಲೆ ಹೋಗುವುದು ಸಹಜ. ಗೋಡೆಯಲ್ಲಿ ನೇತಾಡುತ್ತಿದ್ದ ಪೆಟ್ಟಿಗೆಯತ್ತ ಯಾರು ನೋಡಬೇಕು?

ಪೆಟ್ಟಿಗೆಯ ತಪ್ಪು ಲೆಕ್ಕಕ್ಕೆ ಸಿಗುವಂಥದ್ದು. ಒಂದು ಕಿಲೋ ಎಲ್‌ಪಿಜಿ ಉರಿಯಲು ಸುಮಾರು 12 ಘನಮೀಟರ್ ಗಾಳಿ ಬೇಕು. ಸಾಮಾನ್ಯ ಗೀಸರ್ ಇಪ್ಪತ್ತು ನಿಮಿಷದಲ್ಲಿ ಮೂರು ಘನಮೀಟರಿಗಿಂತ ಹೆಚ್ಚು ಗಾಳಿ ಬಳಸುತ್ತದೆ. ನಾಲ್ಕಡಿ ಅಗಲ, ಆರಡಿ ಉದ್ದ, ಒಂಬತ್ತಡಿ ಎತ್ತರದ ಬಚ್ಚಲಿನಲ್ಲಿ ಇರುವುದೇ ಆರು ಘನಮೀಟರ್. ಆಮ್ಲಜನಕ ಸಾಲದಾದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಸೋರಿಕೆ ತಿಳಿಯಲೆಂದು ಸಿಲಿಂಡರಿನ ಅನಿಲಕ್ಕೆ ಬೆರೆಸಿದ ದುರ್ವಾಸನೆ ಉರಿಯಲ್ಲೇ ಸುಟ್ಟುಹೋಗಿರುತ್ತದೆ, ಹೊಸ ವಿಷಕ್ಕೆ ವಾಸನೆಯೇ ಇಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೂಡ ಮೋಸಹೋಗುತ್ತದೆ. ವಿಷ ಹಿಡಿದ ರಕ್ತವನ್ನೂ ಆಮ್ಲಜನಕ ತುಂಬಿದ್ದೆಂದೇ ತೋರಿಸುತ್ತದೆ. ಹೊರಗಿನ ಗಾಳಿಯಲ್ಲಿ ನಾಲ್ಕೈದು ಗಂಟೆ ಉಸಿರಾಡಿದರೆ ರಕ್ತದ ವಿಷ ಅರ್ಧಕ್ಕಿಳಿದು ಸಾಕ್ಷಿಯೂ ಕರಗುತ್ತದೆ. ಭಾರತದ ನರರೋಗ ತಜ್ಞರು ಕೊನೆಗೆ ಇದಕ್ಕೆ ‘ಗ್ಯಾಸ್ ಗೀಸರ್ ಸಿಂಡ್ರೋಮ್’ ಎಂಬ ಹೆಸರಿಟ್ಟು ಪ್ರತ್ಯೇಕಿಸಿದರು. ಅಪಸ್ಮಾರದ ಮಾತ್ರೆ ಇದಕ್ಕೆ ಮದ್ದಲ್ಲ; ಗೀಸರನ್ನು ಹೊರಗಿಡುವುದೇ ಮದ್ದು.

ಆಮ್ಲಜನಕ ಇಳಿದರೆ ನಿಲ್ಲುವ ಬೀಗವೂ ಬಂದಿದೆ. ಗಾಳಿಯ ಆಮ್ಲಜನಕ ಶೇ 21ರಿಂದ ಸುಮಾರು 18ಕ್ಕಿಳಿದಾಗ ಪುಟ್ಟ ಪೈಲಟ್ ಜ್ವಾಲೆ ಮೇಲೆದ್ದು ಬೆಸುಗೆಯಿಂದ ದೂರ ಸರಿಯುತ್ತದೆ, ವಾಲ್ವ್ ಬೀಳುತ್ತದೆ. ಜಾಣ ಉಪಾಯ. ಆದರೆ ಅದು ಅಳೆಯುವುದು ಗಾಳಿಯ ಕೊರತೆಯನ್ನು, ವಿಷವನ್ನಲ್ಲ. ಮಸಿ ಕಟ್ಟಿದ ಬರ್ನರ್ ಗಾಳಿಯಿದ್ದೂ ವಿಷ ಕಕ್ಕಬಲ್ಲದು. ಹಳೆಯ ಬಚ್ಚಲಿನ ಕಿಂಡಿಯನ್ನು ಗಾಜಿನಿಂದ ಮುಚ್ಚಿ, ಬಿಟಿಎಂ, ಜೆ.ಪಿ. ನಗರದ ಬಾಡಿಗೆ ಮನೆಗಳ ಸ್ನಾನದ ಮನೆಯನ್ನು ಪೆಟ್ಟಿಗೆಯಂತೆ ಕಟ್ಟಿ, ಆಮೇಲೆ ಸ್ವಿಚ್ಚುಗಳ ಮೇಲೆ ಭಾರ ಹಾಕಿದ್ದು ಎಂಥ ಎಂಜಿನಿಯರಿಂಗೋ!

ಕೊಳವೆ ಅನಿಲ ಇಲ್ಲಿ ಹೊಸದು. ದಾಭೋಲ್‌–ಬೆಂಗಳೂರು ಪೈಪ್‌ಲೈನ್ 2013ರಲ್ಲಿ ಚಾಲನೆಗೊಂಡ ಬಳಿಕ ಗೇಲ್ ಗ್ಯಾಸ್ ಸಂಸ್ಥೆ ಮನೆಗಳಿಗೆ ಸಂಪರ್ಕ ಕೊಡತೊಡಗಿತು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲ ಹಿಡಿಯುತ್ತದೆ. ಕೊಳವೆ ಅನಿಲ ಹಗುರ, ಸೂರಿನತ್ತ ಏರುತ್ತದೆ. ಸೋರಿದರೆ ತೆಗೆದು ಹೊರಗಿಡಲು ಸಿಲಿಂಡರಿಲ್ಲ, ಒಲೆಯ ಬಳಿಯ ವಾಲ್ವನ್ನೇ ತಿರುಗಿಸಬೇಕು: ಹಿಡಿ ಕೊಳವೆಯ ನೇರಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ಮಾಡ್ಯುಲರ್ ಕಿಚನ್ ಮಾಡಿಸುವವರು ಅಂದಕ್ಕೆಂದು ಆ ವಾಲ್ವಿಗೂ ಹಲಗೆ ಬಡಿಸಿದರೆ, ತುರ್ತಿನಲ್ಲಿ ಅದಕ್ಕೆ ಕೈ ಎಟುಕುವುದಿಲ್ಲ.