ಕೂದಲಿಗಿಂತ ತೆಳ್ಳಗಿನ ಹೊಳಪು

ಚಿಕ್ಕಪ್ಪನ ಕಪ್ಪು ಕಾರಿಗೆ ಈಗ 11 ವರ್ಷ. ನೆರಳಿನಲ್ಲಿ ನಿಂತಿದ್ದರೆ ನಿನ್ನೆ ಮೊನ್ನೆ ಶೋರೂಮಿನಿಂದ ತಂದಂತೆ ಕಾಣುತ್ತದೆ. ಬಿಸಿಲಿಗೆ ತಂದರೆ ಸಾಕು, ಬಾನೆಟ್ಟಿನ ಮೇಲೆ ಜೇಡರ ಬಲೆ ಹರಡಿಕೊಳ್ಳುತ್ತದೆ. ಸೂರ್ಯನ ಬಿಂಬದ ಸುತ್ತ ಬಳೆಬಳೆಯಾಗಿ ಸಾವಿರಾರು ಸಣ್ಣ ಗೀರು. ತಲೆ ಸರಿಸಿದರೆ ಬಲೆಯೂ ಹಿಂದೆಯೇ ಸರಿಯುತ್ತದೆ.

ಬಟ್ಟೆಯನ್ನು ಸುತ್ತುಸುತ್ತಾಗಿ ತಿಕ್ಕಿದ್ದರ ಗುರುತು ಇದು ಎಂದು ಬಹಳ ದಿನ ನಂಬಿದ್ದೆ. ಹಾಗಲ್ಲವಂತೆ. ಗೀರುಗಳು ಅಡ್ಡ, ಉದ್ದ, ಓರೆ ಎಲ್ಲ ದಿಕ್ಕಿಗೂ ಬಿದ್ದಿರುತ್ತವೆ. ಅವುಗಳಲ್ಲಿ ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಅದನ್ನು ನಮ್ಮ ಕಣ್ಣಿಗೆ ತಿರುಗಿಸುತ್ತವೆ, ಮಿಕ್ಕವು ಕಾಣುವುದಿಲ್ಲ. ಹಾಗಾಗಿ ಬೆಳಕು ಎಲ್ಲಿದ್ದರೂ ಅದರ ಸುತ್ತ ಯಾರೋ ವೃತ್ತ ಬರೆದಂತೆ ತೋರುತ್ತದೆ. ತಿಕ್ಕಿ ತಿಕ್ಕಿ ಹಳೆಯದಾದ ಸ್ಟೀಲ್ ತಟ್ಟೆಯನ್ನು ಬಲ್ಬಿನ ಕೆಳಗೆ ಹಿಡಿದರೂ ಇದೇ ಆಟ. ಬಿಳಿ ಕಾರಿನಲ್ಲೂ ಗೀರಿಗೆ ಕಡಿಮೆಯಿರುವುದಿಲ್ಲ. ಆದರೆ ಬಿಳಿ ಬಣ್ಣ ತಾನೇ ಬೆಳಕನ್ನು ಎಲ್ಲ ಕಡೆ ಚೆಲ್ಲುವುದರಿಂದ ಗೀರಿನ ಮಿನುಗು ಅದರಲ್ಲಿ ಕರಗಿಹೋಗುತ್ತದೆ. ಕಪ್ಪಿಗೆ ಆ ಆಸರೆ ಇಲ್ಲ.

ದಸರೆ ಮುಗಿದ ವಾರ ಕಾರನ್ನು ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯಲ್ಲಿರುವ ಮೇಸ್ತ್ರಿಯೊಬ್ಬರ ಬಳಿ ಒಯ್ದೆವು. ಟಿಂಕರಿಂಗ್, ಪೇಂಟಿಂಗ್ ಎರಡರಲ್ಲೂ ಪಳಗಿದ ಕೈ. ಆಯುಧಪೂಜೆಗೆ ಕಟ್ಟಿದ ಬಾಳೆಕಂದಿನ ಕರೆ ಬಂಪರಿನ ಮೇಲೆ ಕಂದುಗಟ್ಟಿತ್ತು. ಚೆಂಡುಹೂವಿನ ಹಾರದ ತಂತಿ ಗ್ರಿಲ್ಲಿನ ಮೇಲಂಚಿಗೆ ಗೆರೆ ಎಳೆದಿತ್ತು. ಮೇಸ್ತ್ರಿ ಪಾಲಿಶ್ ಡಬ್ಬಿಯ ಕಡೆ ನೋಡಲೇ ಇಲ್ಲ. ಜೇಬಿನಿಂದ ಪುಟ್ಟ ಮೀಟರೊಂದನ್ನು ತೆಗೆದು ಬಾನೆಟ್ಟಿಗೆ ಒತ್ತಿದರು. 112. ಎಡಬಾಗಿಲು 118. ಚಾಲಕನ ಬಾಗಿಲಿಗೆ ಒತ್ತಿದಾಗ 240. "ಈ ಡೋರ್ ಒಂದ್ಸಲ ಪೇಂಟ್ ಆಗಿದೆ ಸಾರ್" ಎಂದರು. ಚಿಕ್ಕಪ್ಪ ತಲೆಯಾಡಿಸಿದರು. 6 ವರ್ಷದ ಹಿಂದೆ ಮನೆಯ ಗೇಟಿಗೇ ತಾಗಿಸಿದ್ದರು.

ಆ ಅಂಕಿಗಳು ಮೈಕ್ರಾನ್ ಲೆಕ್ಕದವು, ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಕಾರಿನ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಬಣ್ಣವೇ ಇಲ್ಲದ ಕ್ಲಿಯರ್ ಕೋಟ್. ಕಾರ್ಖಾನೆಯಿಂದ ಬರುವಾಗ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ ಇರುತ್ತದೆ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 40-50. ನಾವು ಹೊಳಪು ಎನ್ನುವುದೆಲ್ಲ ಕೂದಲಿಗಿಂತ ತೆಳ್ಳಗಿನ ಈ ಪೊರೆಯ ಮೇಲ್ಮೈಯಲ್ಲಿದೆ. ಗೀರು ಬಿದ್ದಿರುವುದೂ ಇದರಲ್ಲೇ, ಬಿಸಿಲಿನ ಅತಿನೇರಳೆ ಕಿರಣದಿಂದ ಬಣ್ಣವನ್ನು ಕಾಯುವುದೂ ಇದೇ.

ಪಾಲಿಶ್ ಎಂದರೆ ಏನನ್ನೋ ಬಳಿದು ಮಿಂಚಿಸುವುದು ಎಂದು ನಾನೂ ಎಣಿಸಿದ್ದೆ. ಆಗುವುದು ಸವೆತ. ಗೀರಿನ ಅಕ್ಕಪಕ್ಕದ ದಿಣ್ಣೆಯನ್ನು ಗೀರಿನ ತಳದ ಮಟ್ಟಕ್ಕೆ ಇಳಿಸಿದರೆ ಗೀರು ಇಲ್ಲವಾಗುತ್ತದೆ, ಕನ್ನಡಿ ಸಿಗುತ್ತದೆ. ಕೈಯಲ್ಲಿದ್ದ ಗಂಟು ಅಷ್ಟು ಕರಗಿರುತ್ತದೆ. ಹಳೆಯ ಅಂಬಾಸಿಡರ್‌ಗಳಲ್ಲಿ ಈ ಪಾರದರ್ಶಕ ಪೊರೆ ಇರಲಿಲ್ಲ, ಬಣ್ಣವೇ ಕೊನೆಯ ಪದರ. ತಿಕ್ಕುವಾಗ ಬನಿಯನ್ ಬಟ್ಟೆಗೆ ಬಣ್ಣ ಹತ್ತುತ್ತಿತ್ತು. ಎಷ್ಟು ಹೋಯಿತು ಎಂಬುದು ಕಣ್ಣಿಗೇ ಕಾಣುತ್ತಿತ್ತು. ಈಗ ಹೋಗುವುದು ಬಣ್ಣವಿಲ್ಲದ್ದು. ಅದಕ್ಕೇ ಮೀಟರ್ ಬೇಕು. ಅದೂ ಒಟ್ಟು ದಪ್ಪವನ್ನಷ್ಟೇ ಹೇಳುತ್ತದೆ. ಅದರಲ್ಲಿ ಕ್ಲಿಯರ್ ಎಷ್ಟು ಎಂಬುದು ಮೇಸ್ತ್ರಿಯ ಅಂದಾಜಿಗೆ ಬಿಟ್ಟದ್ದು.

ಮೊದಲ ದಿನವೆಲ್ಲ ತೊಳೆಯುವುದಕ್ಕೇ ಹೋಯಿತು. ತೊಳೆದ ಮೇಲೆ ಮೇಸ್ತ್ರಿ ತೆಳು ಪ್ಲಾಸ್ಟಿಕ್ ಚೀಲವೊಂದನ್ನು ಕೈಗೆ ಹಾಕಿಕೊಂಡು ಬಾನೆಟ್ ಸವರಿದರು. ನನಗೂ ಸವರಲು ಹೇಳಿದರು. ಬರಿಗೈಗೆ ನಯವೆನಿಸಿದ್ದು ಚೀಲದೊಳಗಿನ ಬೆರಳಿಗೆ ರವೆ ಮುಟ್ಟಿದಂತಿತ್ತು. ಬ್ರೇಕ್ ಪ್ಯಾಡಿನಿಂದ ಹಾರಿದ ಕಬ್ಬಿಣದ ಪುಡಿ, ಮರದ ಅಂಟು, ಟಾರಿನ ಹನಿ ಬಣ್ಣದಲ್ಲಿ ನಾಟಿಕೊಂಡಿರುತ್ತವೆ. ಕಬ್ಬಿಣ ತೆಗೆಯುವ ದ್ರಾವಣ ಸಿಂಪಡಿಸಿದ ಎರಡು ನಿಮಿಷಕ್ಕೆ ಬಾಗಿಲ ಕೆಳಭಾಗದಿಂದ ನೇರಳೆಹಣ್ಣಿನ ರಸದಂಥ ನೀರು ಇಳಿಯತೊಡಗಿತು. ಮಿಕ್ಕಿದ್ದನ್ನು ಸೋಪುನೀರಿನಲ್ಲಿ ಜಾರಿಸುತ್ತ ಮೆತ್ತನೆಯ ಕ್ಲೇ ಮುದ್ದೆಯಿಂದ ಎತ್ತಿದರು. ಮುದ್ದೆ ನೆಲಕ್ಕೆ ಬಿದ್ದರೆ ಎತ್ತಿ ಮತ್ತೆ ಬಳಸುವಂತಿಲ್ಲ. ಅದಕ್ಕೆ ಹತ್ತಿದ ಒಂದು ಮರಳಿನ ಕಣ ಸಾಕು, ಇಡೀ ದಿನದ ಕೆಲಸ ಹಾಳು.

ಮೆಷಿನ್ ಹಿಡಿದದ್ದು ಎರಡನೆಯ ದಿನ. ಅಂಚುಗಳಿಗೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಿದರು, ಏಕೆಂದರೆ ಮೂಲೆ, ಮಡಿಕೆಗಳಲ್ಲಿ ಪೊರೆ ತೆಳು, ಅಲ್ಲಿ ಪ್ಯಾಡಿನ ಒತ್ತಡ ಒಂದೇ ಗೆರೆಯ ಮೇಲೆ ಬೀಳುತ್ತದೆ. ಬರೀ ಗಿರಗಿರನೆ ತಿರುಗುವ ರೋಟರಿ ಮೆಷಿನ್ ಬೇಗ ಕತ್ತರಿಸುತ್ತದೆ, ಅಷ್ಟೇ ಬೇಗ ಕಾಯಿಸುತ್ತದೆ. ಒಂದೆಡೆ ಎರಡು ಉಸಿರು ಹೆಚ್ಚಿಗೆ ನಿಂತರೆ ಸುಟ್ಟೇ ಹೋಯಿತು. ತಿರುಗುತ್ತಲೇ ಓಲಾಡುವ ಇನ್ನೊಂದು ಬಗೆಯ ಮೆಷಿನ್ ನಿಧಾನ, ಆದರೆ ತಪ್ಪನ್ನು ತಾಳಿಕೊಳ್ಳುತ್ತದೆ. ಮೇಸ್ತ್ರಿ ಓಲಾಡುವುದನ್ನೇ ಆರಿಸಿಕೊಂಡರು. ಪ್ಯಾಡಿಗೆ ಕಡಲೆಕಾಳಿನಷ್ಟು ಕಾಂಪೌಂಡನ್ನು ನಾಲ್ಕು ಕಡೆ ಇಟ್ಟು, ಎರಡಡಿ ಚೌಕದ ಜಾಗದಲ್ಲಿ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಉಳುವವರಂತೆ ಸಾಲು ಬಿಡದೆ ನಡೆಸಿದರು. ಒಂದು ಚೌಕ ಮುಗಿದ ಮೇಲೆ ಸ್ಪಿರಿಟ್ಟಿನಲ್ಲಿ ಒರೆಸಿ ಟಾರ್ಚ್ ಹಿಡಿದರು.

ಈ ಸ್ಪಿರಿಟ್ ಒರೆಸುವುದರ ಬೆಲೆ ನನಗೆ ಗೊತ್ತು. 3 ವರ್ಷದ ಹಿಂದೆ ನನ್ನ ಕಾರನ್ನು ಒಂದು ಕಡೆ ಕೊಟ್ಟಿದ್ದೆ. ಎರಡೇ ಗಂಟೆಯಲ್ಲಿ ಕನ್ನಡಿಯಂತೆ ಮಾಡಿ ಕೊಟ್ಟರು. ಮೂರು ಸಲ ತೊಳೆಯುವಷ್ಟರಲ್ಲಿ ಹಳೆಯ ಬಲೆ ಹಾಗೇ ಮರಳಿ ಬಂತು, ಜೊತೆಗೆ ರೋಟರಿ ಎಳೆದ ಹೊಸ ಅಲೆ ಗುರುತುಗಳೂ ಇದ್ದವು. ಅಲ್ಲಿ ಗೀರು ತೆಗೆದಿರಲೇ ಇಲ್ಲ, ಎಣ್ಣೆಯಂಥದ್ದನ್ನು ತುಂಬಿ ಮುಚ್ಚಿದ್ದರು. ಸ್ಪಿರಿಟ್ಟಿನಲ್ಲಿ ಒರೆಸಿದ್ದರೆ ಅಂದೇ ಬಯಲಾಗುತ್ತಿತ್ತು. ಹಣ ಹೋದದ್ದಕ್ಕಿಂತ, ಆ ಹೊಳಪನ್ನು ನೋಡಿ ಹಿಗ್ಗಿದ್ದೆನಲ್ಲ ಎಂಬುದು ಹೆಚ್ಚು ನೋಯಿಸಿತು.

ಮೆಷಿನ್ನಿನ ಸದ್ದಿನ ನಡುವೆ ನನಗೆ ಚನ್ನಪಟ್ಟಣ ನೆನಪಾಯಿತು. ಅಲ್ಲಿ ತಿರುಗುವ ಮರದ ಗೊಂಬೆಗೆ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಒಣಗಿದ ತಾಳೆಗರಿ ಒತ್ತಿ ಹಿಡಿದರೆ ಕಣ್ಣು ಕೋರೈಸುವ ಹೊಳಪು. ಅಲ್ಲಿ ಕೆಲಸ ಮಾಡಿಕೊಡುವ ಕಾವೇ ಇಲ್ಲಿ ಹೆದರಿಸುತ್ತದೆ. ಮೇಸ್ತ್ರಿ ಪ್ರತಿ ಚೌಕ ಮುಗಿದಾಗಲೂ ಅಂಗೈಯ ಹಿಂಬದಿಯನ್ನು ತಗಡಿಗೆ ತಾಗಿಸಿ ನೋಡುತ್ತಿದ್ದರು, ಮಗುವಿನ ಜ್ವರ ನೋಡುವ ಹಾಗೆ.

ಚಾಲಕನ ಬಾಗಿಲಿನ ಹಿಡಿಕೆಯ ಕೆಳಗೆ ಒಂದು ಆಳದ ಗೀರು ಉಳಿದಿತ್ತು. ಚಿಕ್ಕಪ್ಪ ಅದನ್ನೇ ತೋರಿಸಿದರು. ಮೇಸ್ತ್ರಿ ಅದರ ಮೇಲೆ ಉಗುರು ಎಳೆದರು. ಉಗುರು ಸಿಕ್ಕಿಕೊಂಡಿತು. "ಉಗುರು ನಿಂತ್ರೆ ಮೆಷಿನ್ ಹಾಕ್ಬಾರ್ದು ಸಾರ್. ಇದನ್ನ ತೆಗೆಯೋಕೆ ಹೋದ್ರೆ ಸುತ್ತಮುತ್ತ ಕ್ಲಿಯರ್ರೇ ಉಳಿಯಲ್ಲ. ಇರ್ಲಿ ಬಿಡಿ." ನೂರಕ್ಕೆ ನೂರು ಗೀರು ತೆಗೆದುಕೊಡುತ್ತೇವೆ ಎನ್ನುವವರಿಗಿಂತ ಹೀಗೆ ಕೈ ತಡೆದವರ ಮೇಲೆ ನನಗೆ ನಂಬಿಕೆ. ಪೊರೆ ತೀರಾ ತೆಳುವಾದ ಕಾರು ಕೆಲವು ಬೇಸಿಗೆ ಕಳೆಯುವಷ್ಟರಲ್ಲಿ ಮಂಕಾಗಿ, ಹಾವಿನ ಪೊರೆಯಂತೆ ಸುಲಿಯುತ್ತದೆ. ಆಮೇಲೆ ಹೊಸ ಪೇಂಟೇ ಗತಿ.

ಮೇಲೆ ಏನು ಹಚ್ಚಬೇಕು ಎಂಬ ಚರ್ಚೆ ಬಂತು. ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಯ ಎಲೆಯಿಂದ ತೆಗೆಯುವ ಕಾರ್ನೌಬಾ ಮೇಣ ಅಂದವಾಗಿ ಹೊಳೆಯುತ್ತದೆ, ನಮ್ಮ ಬಿಸಿಲಿಗೆ ಕೆಲವು ವಾರ ಬಾಳುತ್ತದೆ. ಸಿರಾಮಿಕ್ ಕೋಟಿಂಗ್ ವರ್ಷಗಟ್ಟಲೆ ಬರಬಹುದು. ಅದರ ಡಬ್ಬಿಯ ಮೇಲಿನ '9ಎಚ್' ಎಂಬುದನ್ನು ವಜ್ರಕ್ಕೆ ಸಮೀಪದ ಗಡಸುತನವೆಂದು ಮಾರುವವರಿದ್ದಾರೆ. ಅದು ಪೆನ್ಸಿಲ್ ಗೀಚಿ ಅಳೆಯುವ ಬೇರೆಯದೇ ಮಾನ. ನೀರು, ಕೊಳೆ ನಿಲ್ಲದಂತೆ ಮಾಡುವುದರಲ್ಲಿ ಕೋಟಿಂಗ್ ಗಟ್ಟಿ, ಗೀರು ತಡೆಯುವುದರಲ್ಲಿ ಅಷ್ಟೇನಿಲ್ಲ.

ಗೀರು ಹುಟ್ಟುವುದು ನಮ್ಮ ಮನೆಯ ಮುಂದೆಯೇ. ಧೂಳು ಕೂತ ಕಾರನ್ನು ಒಣಬಟ್ಟೆಯಲ್ಲಿ ಝಾಡಿಸುತ್ತೇವೆ. ಒಂದೇ ಬಕೆಟ್ಟಿನ ನೀರಿನಲ್ಲಿ ಅದ್ದಿದ ಬಟ್ಟೆ ಚಕ್ರಕ್ಕೂ ಹೋಗಿ ಬಾನೆಟ್ಟಿಗೂ ಬರುತ್ತದೆ. ಬೋರ್‌ವೆಲ್ ನೀರು ಬಿಸಿಲಲ್ಲಿ ಆರಿ ಸುಣ್ಣದ ಚುಕ್ಕೆ ಬಿಡುತ್ತದೆ. ಹಕ್ಕಿಯ ಹಿಕ್ಕೆಯನ್ನು ಭಾನುವಾರಕ್ಕೆಂದು ಬಿಟ್ಟರೆ ಅಷ್ಟರಲ್ಲಿ ಅದು ಪೊರೆಯನ್ನೇ ಕಚ್ಚಿರುತ್ತದೆ. ಬೆಳಗಿನ ಜಾವ ಬಂದು ಹತ್ತಾರು ಕಾರು ಒರೆಸುವ ಹುಡುಗನನ್ನು ಬೈದು ಫಲವಿಲ್ಲ. ಅವನ ಕೈಗೆ ಎರಡು ಬಕೆಟ್, ದಪ್ಪ ಮೈಕ್ರೋಫೈಬರ್ ಬಟ್ಟೆ ಕೊಡಬೇಕಾದವರು ನಾವು. ಒಂದರಲ್ಲಿ ಸೋಪುನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ಮೊದಲು ಪೈಪಿನಿಂದಲೋ ಮಗ್ಗಿನಿಂದಲೋ ನೀರು ಸುರಿದು ಮಣ್ಣು ಇಳಿಸಬೇಕು, ಬಟ್ಟೆ ಮುಟ್ಟಿಸುವುದು ಆಮೇಲೆ.

ಮೂರನೆಯ ದಿನ ಸಂಜೆ ಕಾರನ್ನು ಗಲ್ಲಿಯ ಬಾಯಿಗೆ ತಂದು ನಿಲ್ಲಿಸಿದರು. ಇಳಿಬಿಸಿಲು ನೇರ ಬಾನೆಟ್ಟಿಗೆ ಬಿದ್ದಿತ್ತು. ಬಲೆ ಇರಲಿಲ್ಲ. ಎದುರಿನ ಅಂಗಡಿಯ ಬೋರ್ಡು ತಲೆಕೆಳಗಾಗಿ, ಒಂದೊಂದು ಅಕ್ಷರವೂ ಓದುವಷ್ಟು ನಿಚ್ಚಳವಾಗಿ ಅದರಲ್ಲಿ ಮೂಡಿತ್ತು. ಚಿಕ್ಕಪ್ಪ ಮುಟ್ಟಲು ಕೈ ಚಾಚಿ ಹಿಂದಕ್ಕೆಳೆದುಕೊಂಡರು.

ಮೇಸ್ತ್ರಿ ಮತ್ತೆ ಮೀಟರ್ ಒತ್ತಿದರು. ಬಾನೆಟ್ 109. ಎಡಬಾಗಿಲು 116. ಮಾಸ್ಕಿಂಗ್ ಟೇಪಿನ ತುಂಡೊಂದರ ಮೇಲೆ ಹಳೆಯ ಅಂಕಿ, ಹೊಸ ಅಂಕಿ, ತಾರೀಕು ಬರೆದು ಡ್ಯಾಶ್‌ಬೋರ್ಡಿನ ಖಾನೆಯ ಒಳಮುಚ್ಚಳಕ್ಕೆ ಅಂಟಿಸಿದರು. "ಮುಂದೆ ಯಾವ ಮೇಸ್ತ್ರಿ ಹತ್ರ ಹೋದ್ರೂ ಮೊದ್ಲು ಇದನ್ನ ತೋರ್ಸಿ ಸಾರ್."