ಎಂಟು ವಾರಗಳ ಕೆಲಸ
ಸಾಫ್ಟ್‌ವೇರನ್ನು ಬೇಗನೆ ಕಟ್ಟುವುದು ಬರಿಯ ಕೈಚಳಕದ ಮಾತೆಂದು ಬಹುಜನರು ಬಗೆದಿರುವರು. ನಮಗೆ ಹಾಗೆ ತೋರುವುದಿಲ್ಲ. 2010ರಲ್ಲಿ ಅಮೆರಿಕದ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ಕೆವಿನ್ ಸಿಸ್ಟ್ರಮ್, ಮೈಕ್ ಕ್ರೀಗರ್ ಎಂಬಿಬ್ಬರು ತರುಣರ ಕೈಯಲ್ಲಿ ‘ಬರ್ಬನ್’ ಎಂಬ ಸಾಫ್ಟ್‌ವೇರೊಂದಿದ್ದಿತು. ತಾವಿರುವ ಸ್ಥಳವನ್ನು ಸಾರುವುದು, ಗೆಳೆಯರ ಭೇಟಿಯನ್ನು ಗೊತ್ತುಪಡಿಸುವುದು, ಚಿತ್ರ ಹಂಚುವುದು ಎಲ್ಲವೂ ಅದರಲ್ಲಿ ತುಂಬಿದ್ದವು. ಜನರಿಗೆ ಹಿಡಿಸಿದ್ದುದು ಚಿತ್ರಗಳೆಂದು ಕಂಡೊಡನೆ, ಚಿತ್ರ, ಮೆಚ್ಚುಗೆ, ಅಭಿಪ್ರಾಯ ಇವಿಷ್ಟನ್ನುಳಿಸಿ ಮಿಕ್ಕುದನ್ನು ಕಿತ್ತೊಗೆದರು. ಒಗೆದುದು ತಮ್ಮದೇ ದುಡಿಮೆಯ ಫಲವೆಂಬುದನ್ನು ವಾಚಕರು ಗಮನಿಸಬೇಕು. ಎಂಟು ವಾರಗಳಲ್ಲಿ ಇನ್‌ಸ್ಟಾಗ್ರಾಂ ಸಿದ್ಧವಾಗಿ, ಅಕ್ಟೋಬರ್ 6ರಂದು ಐಫೋನಿಗೆ ಬಿಡುಗಡೆಯಾಯಿತು. ಮೊದಲ ದಿನವೇ 25,000 ಮಂದಿ ಸೇರಿದರು; ಸರ್ವರು ಭಾರ ತಾಳಲಾರದೆ ಹೋಯಿತು. ಅದನ್ನು ನಾವು ಕುಂದೆಂದೆಣಿಸುವುದಿಲ್ಲ. ನಮ್ಮ ಕಚೇರಿಗಳಲ್ಲಾದರೋ, ಟೆಂಡರು ಹೊರಡುವ ಮುನ್ನ ಒಂದೊಂದು ಕಲಮನ್ನು ಸೇರಿಸುವವರು ಬೇಕಾದಷ್ಟಿದ್ದಾರೆ; ಒಂದನ್ನಾದರೂ ಹೊಡೆದುಹಾಕಿದ ಮಹನೀಯರನ್ನು ನಾವಿನ್ನೂ ಕಂಡಿಲ್ಲ.