ಮುಗಿದ ರಾಜ್ಯದ ಮುಗಿಯದ ನೆನಪು

ಶಾಲಾ ಪ್ರವಾಸದಲ್ಲಿ ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರ ದೇವಾಲಯದ ಗೋಡೆಯ ಆನೆಸಾಲು, ರಾಮಾಯಣ-ಮಹಾಭಾರತದ ಶಿಲ್ಪಗಳನ್ನು ನೋಡಿ ಬಸ್ಸು ಹತ್ತುತ್ತಾರೆ. ದೇವಾಲಯದ ಬಳಿಯಿರುವ ಒಂದು ಕಂಬದ ಮುಂದೆ ನಿಲ್ಲುವವರು ಕಡಿಮೆ. ಅದರ ಮೇಲೆ ಕೆತ್ತಿರುವ ವೀರರು ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿದ್ದಾರೆ!

ಇದು ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ಸ್ಮಾರಕ. ದೊರೆಯ ನಂತರ ತಾವು ಬದುಕುವುದಿಲ್ಲವೆಂದು ಪಣ ತೊಟ್ಟ ಇಂಥ ವೀರರನ್ನು ಗರುಡರು ಎನ್ನುತ್ತಿದ್ದರು. ಬಲ್ಲಾಳ 1220ರಲ್ಲಿ ತೀರಿಕೊಂಡ. ಲಕ್ಷ್ಮ, ಅವನ ಮಡದಿ ಸುಗ್ಗಲದೇವಿ ಹಾಗೂ ಸಾವಿರ ವೀರರ ಆತ್ಮಾರ್ಪಣೆಯನ್ನು ಕಂಬದ ಕನ್ನಡ ಶಾಸನ ಹೇಳುತ್ತದೆ. ಅರಸೀಕೆರೆಯ ನಕ್ಷತ್ರಾಕಾರದ ಮಂಟಪವುಳ್ಳ ಈಶ್ವರ ದೇವಾಲಯವೂ ಆ ಕಾಲದ್ದೇ.

ದೋರಸಮುದ್ರದ ಮೇಲೆ 1311ರಲ್ಲಿ ಮಲಿಕ್ ಕಾಫರ್ ದಂಡೆತ್ತಿ ಬಂದ. ಅದೇ ಶತಮಾನದ ನಡುವಿನಲ್ಲಿ ಹೊಯ್ಸಳ ರಾಜ್ಯ ಮುಗಿಯಿತು, ರಾಜಧಾನಿ ‘ಹಳೇಬೀಡು’ ಆಯಿತು. ಆದರೆ ಕಲ್ಲಿನ ಮಾತು ಉಳಿಯಿತು. ಬಿ.ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳನ್ನು ಓದಿಸಿ 1902ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟವಾಗಿ ಅಚ್ಚು ಹಾಕಿಸಿದ್ದರಿಂದ ಬೇಲೂರು, ಅರಸೀಕೆರೆ, ಹಳೇಬೀಡುಗಳ ಕತೆ ನಮ್ಮ ಕೈಗೆ ಸಿಕ್ಕಿತು.

ಇಂಥದೇ ನಿಷ್ಠೆಯ ಕತೆ ದೂರದ ಸ್ಕಾಟ್ಲೆಂಡಿನಲ್ಲೂ ಇದೆ. ಸಿಂಹಾಸನ ಕಳೆದುಕೊಂಡ ಸ್ಟುವರ್ಟ್ ರಾಜಮನೆತನದ ಪರವಾಗಿ ನಿಂತವರು ಜಾಕೊಬೈಟರು. 1746ರ ಕಲೋಡನ್ ಕಾಳಗದಲ್ಲಿ ಅವರು ಸೋತರು. ಗುಡ್ಡಗಾಡಿನವರ ಉಡುಪನ್ನೂ ಸರ್ಕಾರ ನಿಷೇಧಿಸಿತು. ಹಾಡನ್ನು ನಿಷೇಧಿಸುವುದು ಹೇಗೆ? ನಮ್ಮ ಹೆಂಗಸರು ಬೀಸುವಾಗ ಹಾಡಿದಂತೆ, ಅಲ್ಲಿಯ ಹೆಂಗಸರು ಉಣ್ಣೆಬಟ್ಟೆ ಬಡಿಯುವಾಗ ಗೇಲಿಕ್ ಭಾಷೆಯಲ್ಲಿ ಹಾಡುತ್ತಿದ್ದರು. ಅಂಥ ಧಾಟಿಯ ಒಂದು ಹಾಡಿನಲ್ಲಿ ರಾಜಕುಮಾರ ಚಾರ್ಲ್ಸನಿಗೆ ‘ಮೊರಾಗ್’ ಎಂಬ ಹುಡುಗಿಯ ಹೆಸರು! ಪಾದ್ರಿ ರಾಬರ್ಟ್ ಫೋರ್ಬ್ಸ್ ಸೋತವರ ಕತೆ, ಪತ್ರ, ಪದ್ಯಗಳನ್ನು ಹತ್ತು ಸಂಪುಟಗಳಲ್ಲಿ ಬರೆದಿಟ್ಟ. ಯಾರು ಹೇಳಿದರು, ಯಾವಾಗ ಹೇಳಿದರು ಎಂಬುದನ್ನೂ ಗುರುತು ಹಾಕಿಕೊಂಡ. ಕಪ್ಪು ರಟ್ಟಿನ ಆ ಹಸ್ತಪ್ರತಿಗಳು ಎಡಿನ್‌ಬರೋದ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ.

ಸ್ವಾರಸ್ಯವೆಂದರೆ, ಮೈಸೂರು ಸೀಮೆಯನ್ನು ಅಳೆದ ಕರ್ನಲ್ ಕಾಲಿನ್ ಮೆಕೆಂಜಿ ಹುಟ್ಟಿದ್ದು ಗೇಲಿಕ್ ನಾಡಾದ ಲೂಯಿಸ್ ದ್ವೀಪದಲ್ಲಿ. ಆತ ಕಾವಲಿ ಸೋದರರು, ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಮೊದಲಾದವರ ನೆರವಿನಿಂದ ಶಾಸನಗಳನ್ನೂ, ಊರೂರಿನ ಕತೆ ಹೇಳುವ ಕೈಫಿಯತ್ತುಗಳನ್ನೂ ಕೂಡಿಸಿದ. ಅವುಗಳಲ್ಲಿ ಬಹಳಷ್ಟು ಈಗ ಚೆನ್ನೈನ ಹಸ್ತಪ್ರತಿ ಭಂಡಾರದಲ್ಲಿವೆ.

ದೊರೆಗಾಗಿ ತಲೆ ಕೊಡುವುದನ್ನು ನಾವಿಂದು ಆದರ್ಶವೆನ್ನಬೇಕಿಲ್ಲ. ಆದರೆ ಹಾಗೆ ಬದುಕಿ ಸತ್ತವರಿದ್ದರು ಎಂದು ತಿಳಿಯದಿದ್ದರೆ ಹಳೇಬೀಡು ಬರೀ ಚೆಂದದ ಕಲ್ಲಾಗುತ್ತದೆ. ಮುಂದಿನ ಪ್ರವಾಸದಲ್ಲಿ ಮಕ್ಕಳನ್ನು ಆ ಕಂಬದ ಮುಂದೆ ಹತ್ತು ನಿಮಿಷ ನಿಲ್ಲಿಸಿ. ಮನೆಗೆ ಬಂದ ಮೇಲೆ ಅಜ್ಜಿಯ ಒಂದು ಹಾಡನ್ನು ನೋಟ್‌ಬುಕ್ಕಿನಲ್ಲಿ ಬರೆಸಿ. ಕೆಳಗೆ ಹಾಡಿದವರ ಹೆಸರು, ಊರು, ತಾರೀಖು ಇರಲಿ. ಕಲ್ಲಿನಲ್ಲಿ ಕೆತ್ತಿಸಲು ಎಲ್ಲರಿಗೂ ಸಾಧ್ಯವಿಲ್ಲ; ಬರೆದಿಡಲು ಒಂದು ಪೆನ್ಸಿಲ್ ಸಾಕು.